ಬಚ್ಚಲಮನೆ ಗೋಡೆಗೆ ಟೈಲ್ಸ್: ಮೊದಲ ಟೈಲ್ ಎಲ್ಲಿಂದ ಹಚ್ಚಬೇಕು?

ಪ್ರಶ್ನೆ: ಸರ್, ಗದಗ-ಬೆಟಗೇರಿಯಲ್ಲಿ ಮನೆ ಕಟ್ಟಿಸುತ್ತಿದ್ದೇವೆ. ಬಚ್ಚಲಮನೆ ಪ್ಲಾಸ್ಟರ್ ಆದ ಮೇಲೆ ಒಳಗಡೆ 7 ಅಡಿ 10 ಇಂಚು ಉದ್ದ, 4 ಅಡಿ 10 ಇಂಚು ಅಗಲ ಬಂದಿದೆ. ಬಾಗಿಲು ಸಣ್ಣ ಗೋಡೆಯಲ್ಲಿ, ಒಂದು ಮೂಲೆಗೆ ಸರಿದು ಇದೆ. ನೀರಿನ ಜಾಲರಿ ಹಿಂದಿನ ಗೋಡೆ ಹತ್ತಿರ. ಹುಬ್ಬಳ್ಳಿ ಗೋಕುಲ ರೋಡಿನ ಶೋರೂಮಿನಲ್ಲಿ 12x18 ಟೈಲ್ಸ್ ನೋಡಿದ್ದೇವೆ. ಕೆಳಗೆ ಡಾರ್ಕ್ ಎರಡು ಸಾಲು, ಅದರ ಮೇಲೆ ಹೈಲೈಟರ್ (ಚಿತ್ತಾರದ ಟೈಲ್) ಒಂದು, ಮೇಲೆ ಲೈಟ್ ನಾಲ್ಕು, ಒಟ್ಟು 7 ಅಡಿ. ಗೌಂಡಿ ಒಂದು ಮೂಲೆಯಿಂದ ಪೂರ್ತಿ ಟೈಲ್ ಹಚ್ಚುತ್ತಾ ಹೋಗಿ ಕಡೆಗೆ ಉಳಿದಷ್ಟಕ್ಕೆ ತುಂಡು ಹಾಕುತ್ತೇನೆ ಎನ್ನುತ್ತಾನೆ. ನನ್ನ ಗೆಳತಿಯ ಮನೆಯಲ್ಲಿ ಹೀಗೇ ಮಾಡಿ ಮೂಲೆಯಲ್ಲಿ ಒಂದೂವರೆ ಇಂಚಿನ ಪಟ್ಟಿ ಬಂದಿದೆ, ನೋಡಲು ಕೆಟ್ಟದಾಗಿದೆ, ಎರಡು ಪಟ್ಟಿ ಉದುರಿಯೂ ಬಿದ್ದಿವೆ. ಸಣ್ಣ ತುಂಡು ನಿಲ್ಲುವುದಿಲ್ಲ ಎನ್ನುವುದು ನಿಜವೇ? ನನ್ನ ತಮ್ಮ ದೊಡ್ಡ 2x4 ಅಡಿ ಟೈಲ್ಸೇ ಹಾಕಿಸು, ಜಾಯಿಂಟ್ ಕಡಿಮೆ, ನೀರು ಇಳಿಯುವುದಿಲ್ಲ ಅನ್ನುತ್ತಾನೆ. ಅತ್ತೆಯವರು 7 ಅಡಿ ಸಾಕು ಅನ್ನುತ್ತಾರೆ. ಅಂಗಡಿಯವರು ಅಳತೆಗೆ 10 ಪರ್ಸೆಂಟ್ ಸೇರಿಸಿ 20 ಬಾಕ್ಸ್ ಬರೆದುಕೊಟ್ಟಿದ್ದಾರೆ. ಇನ್ನೂ ಅಡ್ವಾನ್ಸ್ ಕೊಟ್ಟಿಲ್ಲ. ನಲ್ಲಿ ಪಾಯಿಂಟ್ ತೆಗೆದಿದ್ದಾರೆ, ಮುಚ್ಚಿಲ್ಲ. ಗೀಸರ್ ಮೊಳೆಗೆ ಟೈಲ್ಸ್ ತೂತು ಮಾಡಿದರೆ ಒಡೆಯುತ್ತಾ ಅನ್ನೋ ಚಿಂತೆ ಬೇರೆ.

ಉತ್ತರ: ಅಕ್ಕಾರೆ, ಅಡ್ವಾನ್ಸ್ ಕೊಟ್ಟಿಲ್ಲ, ಪಾಯಿಂಟ್ ಮುಚ್ಚಿಲ್ಲ ಅಂದ್ರಲ್ಲ, ಅದೇ ದೊಡ್ಡ ಸಮಾಧಾನ. ಬಹಳ ಜನ ಇದನ್ನು ಕೇಳುವುದು ಟೈಲ್ಸ್ ಗಾಡಿ ಮನೆ ಮುಂದೆ ಬಂದು ನಿಂತ ಮೇಲೆ. ಆಗ ಹೇಳಲು ನನ್ನ ಹತ್ತಿರ ಏನೂ ಉಳಿದಿರುವುದಿಲ್ಲ.

ಮೊದಲು ಆ ಒಂದೂವರೆ ಇಂಚಿನ ಪಟ್ಟಿಯ ವಿಷಯ. ಸಣ್ಣದು ಅನ್ನೋ ಕಾರಣಕ್ಕೇ ಯಾವ ತುಂಡೂ ಬೀಳುವುದಿಲ್ಲ. ಬೀಳುವುದು ಅದರ ಹಿಂದೆ ಮಾಲು ಸರಿಯಾಗಿ ತುಂಬದೆ ಇದ್ದಾಗ. ಮೂಲೆಯ ಸಂದಿಯಲ್ಲಿ ಕರಣಿ ಆಡುವುದಿಲ್ಲ, ಸಂಜೆ ಕೆಲಸ ಮುಗಿಸುವ ಹೊತ್ತಿಗೆ ಉಳಿದ ಒಣಗಿದ ಸಿಮೆಂಟನ್ನೇ ಸ್ವಲ್ಪ ಮೆತ್ತಿ ಒತ್ತಿಬಿಡುತ್ತಾರೆ, ನಾಲ್ಕು ತಿಂಗಳಿಗೆ ಟೊಳ್ಳು ಶಬ್ದ ಶುರು. ಗಟ್ಟಿಯಾಗಿ ಹಚ್ಚಿದರೆ ಒಂದಿಂಚಿನ ಪಟ್ಟಿಯೂ ನಿಲ್ಲುತ್ತದೆ.

ಹಾಗಾದರೆ ಪಟ್ಟಿ ಯಾಕೆ ಬೇಡ? ನಮ್ಮ ಗೋಡೆಗಳು ನೆಟ್ಟಗೆ ಇರುವುದಿಲ್ಲ, ಅದಕ್ಕೆ. 7 ಅಡಿ ಎತ್ತರದಲ್ಲಿ ಕಾಲು ಇಂಚು ವಾಲಿರುವುದು ತೀರಾ ಸಾಮಾನ್ಯ. ಮೂಲೆಯಲ್ಲಿ 11 ಇಂಚಿನ ತುಂಡಿದ್ದರೆ ಅದು ಮೇಲೆ ಹೋಗುತ್ತಾ ಹನ್ನೊಂದೂಕಾಲು ಆಗುತ್ತದೆ, ಯಾರಿಗೂ ಗೊತ್ತಾಗುವುದಿಲ್ಲ. ಅದೇ ಮೂಲೆಯಲ್ಲಿ ಒಂದೂವರೆ ಇಂಚಿನ ಪಟ್ಟಿ ಇದ್ದರೆ ಮೇಲೆ ಒಂದೂಮುಕ್ಕಾಲು, ಬಾಗಿಲಲ್ಲಿ ನಿಂತವರಿಗೂ ಗೋಡೆ ಸೊಟ್ಟ ಅಂತ ಕಾಣುತ್ತದೆ. ವಾಲಿದ್ದು ಎರಡೂ ಕಡೆ ಅಷ್ಟೇ. ಟೈಲ್ಸ್ ಲೇಔಟ್ ಅಂದರೆ ಮುಖ್ಯವಾಗಿ ಇಷ್ಟೇ, ಗೋಡೆಯ ಡೊಂಕು ಎಲ್ಲಿ ಕಾಣಬೇಕು, ಎಲ್ಲಿ ಕಾಣಬಾರದು ಅಂತ ಮೊದಲೇ ತೀರ್ಮಾನ ಮಾಡುವುದು.

ಈಗ ನಿಮ್ಮ ಅಳತೆಗೆ ಬರೋಣ. 12x18 ಅಂತ ಕರೆಯುವ ಟೈಲ್ ನಿಜಕ್ಕೂ 12x18 ಇಂಚು ಇರುವುದಿಲ್ಲ. ಅದು 300x450 ಮಿಲಿಮೀಟರ್, ಅಂದರೆ ಉದ್ದ 17.7 ಇಂಚು, ಎತ್ತರ 11.8 ಇಂಚು. 2 ಮಿಲಿ ಜಾಯಿಂಟ್ ಸೇರಿಸಿದರೆ ಒಂದು ಟೈಲಿಗೆ 17.8 ಇಂಚು ಹಿಡಿಯಿರಿ. ನಿಮ್ಮ ಉದ್ದ ಗೋಡೆ 94 ಇಂಚು. ಅದರಲ್ಲಿ 5 ಟೈಲ್ ಅಂದರೆ 89 ಇಂಚು, ಉಳಿದದ್ದು 5. ಗೌಂಡಿ ಹೇಳಿದ ಹಾಗೆ ಮಾಡಿದರೆ ಒಂದು ಮೂಲೆಯಲ್ಲಿ 5 ಇಂಚಿನ ತುಂಡು ಬರುತ್ತದೆ. ನಡುವಿನಿಂದ ಶುರು ಮಾಡಿ ಎರಡೂ ಕಡೆ ಸಮ ಮಾಡೋಣ ಅಂದುಕೊಂಡು 5 ಟೈಲನ್ನು ಮಧ್ಯಕ್ಕೆ ಕೂರಿಸಿದರೆ ಆ ಕಡೆ ಈ ಕಡೆ ಎರಡೂವರೆ ಇಂಚಿನ ಪಟ್ಟಿಗಳು, ಇದು ಇನ್ನೂ ಕೆಟ್ಟದ್ದು. ಹಾಗಾದಾಗ ಒಂದು ಟೈಲ್ ಕಡಿಮೆ ಮಾಡಿ, ಸಾಲನ್ನು ಅರ್ಧ ಟೈಲ್ ಸರಿಸಬೇಕು. 4 ಪೂರ್ತಿ ಟೈಲ್ ಮಧ್ಯಕ್ಕೆ, 71 ಇಂಚು ಚಿಲ್ಲರೆ, ಉಳಿದದ್ದನ್ನು ಎರಡು ಭಾಗ ಮಾಡಿದರೆ ಎರಡೂ ಮೂಲೆಗೆ ಹನ್ನೊಂದೂಕಾಲು ಇಂಚಿನ ಮೇಲೆ ಬರುತ್ತದೆ. ಸಣ್ಣ ಗೋಡೆ 58 ಇಂಚು. ಅಲ್ಲೂ ಇದೇ ಲೆಕ್ಕ. 3 ಟೈಲ್ ಮಧ್ಯಕ್ಕಿಟ್ಟರೆ ಇಕ್ಕೆಲದಲ್ಲಿ 2 ಇಂಚಿನ ಪಟ್ಟಿ, 2 ಟೈಲ್ ಇಟ್ಟರೆ 11 ಇಂಚಿನ ತುಂಡು. ಮೂಲೆಯ ತುಂಡು ಅರ್ಧ ಟೈಲಿಗಿಂತ ಚಿಕ್ಕದಾಗದ ಹಾಗೆ ನೋಡಿಕೊಳ್ಳುವುದು, ಇದಿಷ್ಟು ನೆನಪಿಟ್ಟುಕೊಂಡರೆ ಸಾಕು.

ಗೌಂಡಿ ಹೇಳಿದ್ದು ಪೂರ್ತಿ ತಪ್ಪು ಅಂತ ನಾನು ಹೇಳುವುದಿಲ್ಲ. ಅವನ ಲೆಕ್ಕದಲ್ಲಿ ಒಂದು ಟೈಲಿನಿಂದ 5 ಇಂಚಿನ ಮೂರು ತುಂಡು ಬರುತ್ತವೆ, ಟೈಲ್ಸ್ ಉಳಿಯುತ್ತದೆ. ಏಳು ಸಾಲಿಗೆ ಒಂದು ಉದ್ದ ಗೋಡೆಗೆ ಅವನ ರೀತಿಯಲ್ಲಿ 38 ಟೈಲ್ ಆದರೆ, ನಾನು ಹೇಳಿದ ರೀತಿಯಲ್ಲಿ 42. ನಾಲ್ಕೇ ಟೈಲ್ ವ್ಯತ್ಯಾಸ, ಒಂದು ಬಾಕ್ಸೂ ಅಲ್ಲ. ಆದರೂ ದುಡ್ಡು ಉಳಿಸಬೇಕು ಅಂದರೆ ಉದ್ದ ಗೋಡೆಗಳಲ್ಲಿ ಮಾತ್ರ ಅವನ ರೀತಿಯಲ್ಲೇ ಮಾಡಿಸಬಹುದು. ಹಿಂದಿನ ಮೂಲೆಯಿಂದ ಪೂರ್ತಿ ಟೈಲ್ ಶುರು ಮಾಡಿ, 5 ಇಂಚಿನ ತುಂಡು ಬಾಗಿಲ ಪಕ್ಕದ ಮೂಲೆಗೆ ಬರಲಿ. ಒಳಗೆ ಹೋದವರಿಗೆ ಆ ಮೂಲೆ ಬೆನ್ನ ಹಿಂದೆ. ಆದರೆ ಬಾಗಿಲು ತೆಗೆದ ತಕ್ಷಣ ಎದುರಿಗೆ ಕಾಣುವ ಹಿಂದಿನ ಗೋಡೆಯಲ್ಲಿ ಈ ಹೊಂದಾಣಿಕೆ ಬೇಡ. ಅದು ಎರಡೂ ಕಡೆ ಸಮ ಇರಲೇಬೇಕು, ಅಲ್ಲಿ ಜುಗ್ಗತನ ಮಾಡಿದರೆ ದಿನಾ ಬೆಳಗ್ಗೆ ಹಲ್ಲುಜ್ಜುತ್ತಾ ಅದನ್ನೇ ನೋಡುತ್ತೀರಿ.

ಇನ್ನೊಂದು ದಾರಿಯೂ ಇದೆ, ನಿಮ್ಮ ಜಾಗದಲ್ಲಿ ನಾನಿದ್ದರೆ ಅದನ್ನೇ ಮೊದಲು ನೋಡುತ್ತಿದ್ದೆ. ಅದೇ ಶೋರೂಮಿನಲ್ಲಿ 12x24, ಅಂದರೆ 300x600 ಅಳತೆಯ ಸೆರಾಮಿಕ್ ಟೈಲ್ಸ್ ಕೇಳಿ. ನಿಮ್ಮ 94 ಇಂಚಿಗೆ 3 ಪೂರ್ತಿ ಟೈಲ್ ಹೋಗಿ 23 ಇಂಚಿಗೆ ಸ್ವಲ್ಪ ಕಡಿಮೆ ಉಳಿಯುತ್ತದೆ, ನಾಲ್ಕನೆಯದನ್ನು ಮುಕ್ಕಾಲು ಇಂಚು ಕತ್ತರಿಸಿದರೆ ಮುಗಿಯಿತು. ವೇಸ್ಟ್ ಅನ್ನುವುದೇ ಇಲ್ಲ. ಸಣ್ಣ ಗೋಡೆಗೆ ಒಂದು ಪೂರ್ತಿ ಟೈಲ್ ನಡುವೆ, ಇಕ್ಕೆಲದಲ್ಲಿ 17 ಇಂಚಿನ ತುಂಡು. ಕಣ್ಣಿಗೂ ಚೆಂದ. ಚದರಡಿ ರೇಟು ಸ್ವಲ್ಪ ಜಾಸ್ತಿ ಇರಬಹುದು, ಆದರೆ ಕತ್ತರಿಸಿ ಬಿಸಾಡುವ ಟೈಲ್ಸ್ ಲೆಕ್ಕ ಹಾಕಿ ನೋಡಿ. ಒಂದು ಎಚ್ಚರಿಕೆ: ಈ ಉದ್ದ ಟೈಲ್ಸನ್ನು ಇಟ್ಟಿಗೆ ಗೋಡೆಯ ಹಾಗೆ ಅರ್ಧಕ್ಕೆ ಸರಿಸಿ ಹಚ್ಚಿಸಬೇಡಿ. ಉದ್ದ ಟೈಲ್ ನಡುವೆ ಕೂದಲಿನಷ್ಟಾದರೂ ಬಾಗಿರುತ್ತದೆ, ಒಂದರ ನಡು ಇನ್ನೊಂದರ ತುದಿಗೆ ಬಂದಾಗ ಅಂಚು ಎದ್ದು ಬೆರಳಿಗೆ ತಾಗುತ್ತದೆ. ಅಷ್ಟು ಆಸೆ ಇದ್ದರೆ ಮೂರನೇ ಒಂದು ಭಾಗ ಸರಿಸಿ, ಅದಕ್ಕಿಂತ ಜಾಸ್ತಿ ಬೇಡ.

ನಿಮ್ಮ ತಮ್ಮ ಹೇಳುವ 2x4 ಟೈಲ್ಸ್ ಬಗ್ಗೆ. ಜಾಯಿಂಟ್ ಕಡಿಮೆ ಅನ್ನುವುದು ನಿಜ. ನೀರು ಇಳಿಯುವುದಿಲ್ಲ ಅನ್ನುವುದು ಸುಳ್ಳು, ಯಾಕೆಂದರೆ ಟೈಲ್ಸ್ ಯಾವತ್ತೂ ವಾಟರ್‌ಪ್ರೂಫಿಂಗ್ ಅಲ್ಲ. ನೀರನ್ನು ತಡೆಯಬೇಕಾದದ್ದು ಅದರ ಹಿಂದಿನ ಪ್ಲಾಸ್ಟರ್ ಮೇಲೆ ಮತ್ತು ನೆಲದ ಮೇಲೆ ಬಳಿದ ಕೋಟಿಂಗ್. ಅದು ಇಲ್ಲದಿದ್ದರೆ ಎಷ್ಟು ದೊಡ್ಡ ಟೈಲ್ ಹಾಕಿದರೂ ಪಕ್ಕದ ಬೆಡ್‌ರೂಮ್ ಗೋಡೆ ಬಣ್ಣ ಉಬ್ಬುತ್ತದೆ. ದೊಡ್ಡ ಟೈಲ್ಸ್ ಬಹುಪಾಲು ವಿಟ್ರಿಫೈಡ್. ಅದು ನೀರು ಹೀರುವುದು ಅರ್ಧ ಪರ್ಸೆಂಟಿಗಿಂತ ಕಡಿಮೆ, ಹಾಗಾಗಿ ಸಾದಾ ಸಿಮೆಂಟು ಅದರ ಬೆನ್ನಿಗೆ ಹಿಡಿಯುವುದಿಲ್ಲ. ಟೈಲ್ಸ್ ಗೋಂದು ಬೇಕೇ ಬೇಕು. ಜೊತೆಗೆ ಗೋಡೆ ಕನ್ನಡಿಯಷ್ಟು ಸಮ ಇರಬೇಕು, ಎತ್ತಿ ಹಿಡಿಯಲು ಇಬ್ಬರು ಬೇಕು, ನಲ್ಲಿ ತೂತು ತೆಗೆಯುವಾಗ ಒಂದು ಒಡೆದರೆ 8 ಚದರಡಿ ಹೋಯಿತು. ಹಾಲಿಗೆ ಹಾಕಿಸಿ, ಚೆನ್ನಾಗಿರುತ್ತದೆ. ಐದು ಅಡಿ ಅಗಲದ ಬಚ್ಚಲಿಗೆ ನಾನು ಹೇಳುವುದಿಲ್ಲ.

ಗೋಂದಿನ ಮಾತು ಬಂತಲ್ಲ. ಚೀಲದ ಮೇಲೆ ಐಎಸ್ 15477 (ಟೈಲ್ಸ್ ಗೋಂದಿನ ಭಾರತೀಯ ಮಾನಕದ ನಂಬರ್) ಅಂತ ಇರಲಿ, ಟೈಪ್ ಯಾವುದು ಅಂತಲೂ ಓದಿ. ಸಾದಾ ಸೆರಾಮಿಕ್‌ಗೆ ಟೈಪ್ 1 ನಡೆಯುತ್ತದೆ, ವಿಟ್ರಿಫೈಡ್ ಆದರೆ ಟೈಪ್ 2 ಅಥವಾ ಮೇಲಿನದು. 20 ಕಿಲೋ ಚೀಲ ತೆಳ್ಳಗೆ ಬಳಿದರೆ ಸುಮಾರು 40ರಿಂದ 50 ಚದರಡಿಗೆ ಬರುತ್ತದೆ. ಹಲ್ಲಿನ ಕರಣಿಯಿಂದ ಪೂರ್ತಿ ಎಳೆಯಬೇಕು, ನಾಲ್ಕು ಮೂಲೆಗೆ ನಾಲ್ಕು ಉಂಡೆ ಇಟ್ಟು ಒತ್ತುವುದಲ್ಲ. ಇನ್ನೊಂದು, ನಮ್ಮ ಕಡೆ ಟೈಲ್ಸನ್ನು ಬಕೆಟ್ಟಿನಲ್ಲಿ ನೆನೆಸಿಡುವ ಅಭ್ಯಾಸ ಇದೆ. ಸಿಮೆಂಟಿನಲ್ಲಿ ಹಚ್ಚುವ ಸೆರಾಮಿಕ್‌ಗೆ ಅದು ಸರಿ, ಇಲ್ಲದಿದ್ದರೆ ಟೈಲೇ ಸಿಮೆಂಟಿನ ನೀರು ಹೀರಿಬಿಡುತ್ತದೆ. ಗೋಂದಿನಲ್ಲಿ ಹಚ್ಚುವುದಾದರೆ ನೆನೆಸಬಾರದು. ಗೌಂಡಿ ಹಳೇ ರೂಢಿಯಲ್ಲಿ ನೆನೆಸಿಟ್ಟಿದ್ದರೆ ಸುಮ್ನೆ ಬೇಡ ಅನ್ನಿ.

ಎತ್ತರದ ಲೆಕ್ಕ ಅಡ್ಡದ್ದಕ್ಕಿಂತ ಕಷ್ಟ. ಯಾಕೆಂದರೆ ಗೋಡೆಯ ಸಾಲು ಲೆವೆಲ್ ಇರಬೇಕು, ನೆಲ ಮಾತ್ರ ಜಾಲರಿ ಕಡೆ ಇಳಿಜಾರು ಇರಬೇಕು. ನಿಮ್ಮ ಉದ್ದಕ್ಕೆ ಬಾಗಿಲಿನಿಂದ ಹಿಂದಿನ ಗೋಡೆಗೆ ಒಂದರಿಂದ ಒಂದೂಕಾಲು ಇಂಚು ಇಳಿಜಾರು ಬೇಕು. ಆದ್ದರಿಂದ ಕೆಳಗಿನ ಸಾಲು ಓರೆಯಾಗಿ ಕತ್ತರಿಸಿದ್ದೇ ಆಗಿರುತ್ತದೆ, ಬೇರೆ ದಾರಿ ಇಲ್ಲ. ಸರಿಯಾದ ಕ್ರಮ ಏನೆಂದರೆ, ಕೆಳಗಿನ ಸಾಲನ್ನು ಬಿಟ್ಟು ಎರಡನೇ ಸಾಲಿನಿಂದ ಶುರು ಮಾಡುವುದು. ನೀರು ತುಂಬಿದ ಲೆವೆಲ್ ಪೈಪಿನಿಂದ ನಾಲ್ಕೂ ಗೋಡೆಗೆ ಗೆರೆ ಹಾಕಿ, ಗೆರೆಗೆ ನೇರವಾದ ಒಂದು ಮರದ ಪಟ್ಟಿ ಹೊಡೆದು, ಅದರ ಮೇಲೆ ಎರಡನೇ ಸಾಲು ಕೂರಿಸುತ್ತಾ ಮೇಲೆ ಹೋಗುವುದು. ಆಮೇಲೆ ನೆಲದ ಟೈಲ್ಸ್. ಕೊನೆಗೆ ಪಟ್ಟಿ ತೆಗೆದು ಕೆಳಗಿನ ಸಾಲನ್ನು ನೆಲದ ಟೈಲ್ ಮೇಲೆ ಕೂರುವ ಹಾಗೆ ಕತ್ತರಿಸಿ ಹಚ್ಚುವುದು. ಹೀಗೆ ಮಾಡಿದರೆ ಗೋಡೆಯಿಂದ ಇಳಿದ ನೀರು ಸಂದಿಗೆ ಹೋಗದೆ ನೆಲದ ಟೈಲ್ ಮೇಲೇ ಬೀಳುತ್ತದೆ.

ಆ ಪಟ್ಟಿ ಎಷ್ಟು ಎತ್ತರದಲ್ಲಿ? ಇಲ್ಲೇ ಎಡವುವುದು. ನೆಲ ಮುಗಿದಾಗ ಎಲ್ಲಿ ತೀರಾ ತಗ್ಗು ಇರುತ್ತದೋ ಅಲ್ಲಿಂದ ಒಂದು ಟೈಲ್ ಮತ್ತು ಜಾಯಿಂಟ್ ಅಳೆದು ಗೆರೆ ಹಾಕಬೇಕು, ನೆಲದ ಟೈಲ್ ದಪ್ಪವನ್ನೂ ಸೇರಿಸಿ. ಬಾಗಿಲ ಹತ್ತಿರ ಅಳೆದರೆ ಹಿಂದಿನ ಮೂಲೆಯಲ್ಲಿ ಒಂದಿಂಚು ಟೈಲ್ ಸಾಲದೆ ಬಂದು, ಅಲ್ಲಿ ಸಿಮೆಂಟ್ ತುಂಬಿ ಮುಚ್ಚುತ್ತಾರೆ. ನೀರು ನಿಲ್ಲುವ ಜಾಗವೇ ಅದು, ನೋಡಿ.

ಏಳು ಸಾಲು ಹಾಕಿದರೆ ಹಿಂದಿನ ಗೋಡೆಯಲ್ಲಿ 6 ಅಡಿ 11 ಇಂಚು ಬರುತ್ತದೆ, ಬಾಗಿಲ ಕಡೆ ಒಂದಿಂಚು ಕಡಿಮೆ. ಬಾಗಿಲ ಚೌಕಟ್ಟಿನ ತಲೆ ಇದಕ್ಕಿಂತ ಒಂದೆರಡು ಇಂಚು ಮೇಲೆ ಇರುವ ಸಾಧ್ಯತೆ ಜಾಸ್ತಿ. ಟೈಲ್ಸ್ ಗೆರೆ ಚೌಕಟ್ಟಿನ ಪಕ್ಕಕ್ಕೆ ಬಂದು ನಿಂತರೆ ತೊಂದರೆ ಇಲ್ಲ. ಬಾಗಿಲ ತಲೆಗೇ ಸಮ ಮಾಡುತ್ತೇನೆ ಅಂತ ಮೇಲೊಂದು ಇಂಚಿನ ಪಟ್ಟಿ ಅಂಟಿಸಿದರೆ ಮತ್ತೆ ನಿಮ್ಮ ಗೆಳತಿಯ ಮನೆಯ ಕಥೆ. ಅತ್ತೆಯವರ ಮಾತು ಸರಿ, ನೀರು ಸಿಡಿಯುವುದು ಅಷ್ಟೇ ಎತ್ತರಕ್ಕೆ. ಸ್ಲ್ಯಾಬ್ ತನಕ ಟೈಲ್ಸ್ ಹಾಕುವುದು ಚೆಂದಕ್ಕೆ ಮತ್ತು ಬಣ್ಣ ಬಳಿಯುವ ಕೆಲಸ ತಪ್ಪಿಸಲಿಕ್ಕೆ. ವೆಂಟಿಲೇಟರ್ ಚೆನ್ನಾಗಿದ್ದರೆ ಮೇಲಿನ ಭಾಗಕ್ಕೆ ಒಳ್ಳೆ ಬಣ್ಣ ಸಾಕು.

ಇನ್ನು ಬಾಕ್ಸ್ ಲೆಕ್ಕ. ಅಂಗಡಿಯವರು ಚದರಡಿಯಲ್ಲಿ ಲೆಕ್ಕ ಹಾಕಿದ್ದಾರೆ, ಅದು ಅವರ ಪದ್ಧತಿ. ನೀವು ಸಾಲಿಗೆ ಎಷ್ಟು ಟೈಲ್ ಅಂತ ಎಣಿಸಿ. ಉದ್ದ ಗೋಡೆಗೆ 6, ಇನ್ನೊಂದಕ್ಕೆ 6, ಹಿಂದಿನ ಗೋಡೆಗೆ 4, ಬಾಗಿಲ ಗೋಡೆಯಲ್ಲಿ ಉಳಿದ ಜಾಗಕ್ಕೆ 2. ಒಂದು ಸಾಲಿಗೆ 18. ಈ ಅಳತೆಯ ಬಾಕ್ಸಿನಲ್ಲಿ ಸಾಮಾನ್ಯವಾಗಿ 6 ಟೈಲ್ಸ್ ಇರುತ್ತವೆ, ಅಂದರೆ ಸಾಲಿಗೆ ಸರಿಯಾಗಿ 3 ಬಾಕ್ಸ್. ಡಾರ್ಕ್ 6, ಹೈಲೈಟರ್ 3, ಲೈಟ್ 12, ಒಟ್ಟು 21. ಒಡೆಯುವುದಕ್ಕೆ ಅಂತ ಡಾರ್ಕ್ ಒಂದು, ಲೈಟ್ ಒಂದು ಸೇರಿಸಿ, 23 ಆಯಿತು. ಹೈಲೈಟರ್ ಬಿಡಿಯಾಗಿ ಸಿಕ್ಕರೆ ಎರಡು ಜಾಸ್ತಿ ತಗೊಳ್ಳಿ. ಮೂರು ಬಣ್ಣ ಇದ್ದಾಗ ಒಟ್ಟಿನ ಮೇಲೆ 10 ಪರ್ಸೆಂಟ್ ಹಾಕಿ ಪ್ರಯೋಜನ ಇಲ್ಲ, ಲೈಟ್ ಎರಡು ಬಾಕ್ಸ್ ಮಿಕ್ಕು ಹೈಲೈಟರ್ ಎರಡು ಟೈಲ್ ಸಾಲದೆ ಬರುತ್ತದೆ. ಆಮೇಲೆ ತರಲು ಹೋದರೆ ಗುಜರಾತಿನ ಮೋರ್ಬಿಯಿಂದ ಬಂದ ಆ ಲಾಟ್ ಮುಗಿದಿರುತ್ತದೆ, ಹೊಸ ಲಾಟಿನ ಬಣ್ಣ ಒಂದು ಎಳೆ ಬೇರೆ. ಬಾಕ್ಸ್ ಮೇಲಿನ ಬ್ಯಾಚ್ ಮತ್ತು ಶೇಡ್ ನಂಬರ್ ಎಲ್ಲದರಲ್ಲೂ ಒಂದೇ ಇದೆಯಾ ಅಂತ ಗಾಡಿಯಿಂದ ಇಳಿಸುವಾಗಲೇ ನೋಡಿ. ಮಿಕ್ಕಿದ್ದನ್ನು ವಾಪಸ್ ಕೊಡಬೇಡಿ, ಅಟ್ಟಕ್ಕೆ ಹಾಕಿಡಿ. ಮುಂದೆ ಪೈಪ್ ಒಡೆದು ಗೋಡೆ ಒಡೆಸಿದರೆ ಬೇಕಾಗುತ್ತದೆ.

ಡಾರ್ಕ್ ಬಗ್ಗೆ ಒಂದು ಮಾತು. ನಿಮ್ಮ ಕಡೆ ತುಂಗಭದ್ರಾ ನೀರು ಬಂದ ದಿನ ಬಿಟ್ಟರೆ ಬೋರ್ ನೀರೇ ಗತಿ ಅಲ್ವಾ. ಸಪ್ಪೆ ನೀರಲ್ಲ ಅದು, ಗಡಸು. ಹೊಳಪಿನ ಕಪ್ಪು ಟೈಲ್ ಮೇಲೆ ಒಂದು ತಿಂಗಳಲ್ಲಿ ಬಿಳಿ ಕಲೆ ಕಟ್ಟುತ್ತದೆ. ಆಸಿಡ್ ಹಾಕಿ ತಿಕ್ಕಿದರೆ ಕಲೆ ಹೋಗುತ್ತದೆ, ಜೊತೆಗೆ ಜಾಯಿಂಟಿನ ಸಿಮೆಂಟೂ ಹೋಗುತ್ತದೆ. ಕೆಳಗೆ ಕಡು ಬಣ್ಣ ಬೇಕೇ ಬೇಕು ಅಂದರೆ ಹೊಳಪಿಲ್ಲದ ಬೂದು ಅಥವಾ ಕಂದು ಬಣ್ಣದ ಕಡೆ ನೋಡಿ. ಜಾಯಿಂಟಿಗೂ ಬಿಳಿ ಸಿಮೆಂಟ್ ಬೇಡ, ವರ್ಷದಲ್ಲಿ ಹಳದಿ ತಿರುಗುತ್ತದೆ. ತಿಳಿ ಬೂದು ಗ್ರೌಟ್ (ಜಾಯಿಂಟ್ ತುಂಬುವ ಮಾಲು) ಹಾಕಿಸಿ. ಎಪಾಕ್ಸಿ ಗ್ರೌಟ್ ಇನ್ನೂ ಒಳ್ಳೆಯದು, ನೀರು ಹೀರುವುದಿಲ್ಲ, ಆದರೆ ದುಬಾರಿ. ಮತ್ತೆ ಹಚ್ಚಿದ ಕೂಡಲೇ ಒರೆಸದಿದ್ದರೆ ಟೈಲ್ ಮೇಲೆ ಪೊರೆ ಕಟ್ಟಿ ಹೋಗುವುದೇ ಇಲ್ಲ, ಹಾಗಾಗಿ ಗೊತ್ತಿದ್ದವರ ಕೈಯಲ್ಲೇ ಮಾಡಿಸಬೇಕು.

ಜಾಯಿಂಟ್ ಇಲ್ಲದೆ ಒತ್ತಿ ಹಚ್ಚುತ್ತೇನೆ ಅಂತ ಕೆಲವರು ಹೆಮ್ಮೆಯಿಂದ ಹೇಳುತ್ತಾರೆ. ಒಪ್ಪಬೇಡಿ. ಒಂದೇ ಬಾಕ್ಸಿನ ಟೈಲ್ಸಲ್ಲೂ ಅರ್ಧ ಮಿಲಿ ಹೆಚ್ಚುಕಮ್ಮಿ ಇರುತ್ತದೆ, ನಾಲ್ಕನೇ ಸಾಲಿಗೆ ಬರುವಷ್ಟರಲ್ಲಿ ಗೆರೆ ತಪ್ಪುತ್ತದೆ. ಅದೂ ಅಲ್ಲದೆ ಗದಗ, ಹುಬ್ಬಳ್ಳಿ ಸುತ್ತ ಎರೆ ಮಣ್ಣು ಜಾಸ್ತಿ. ಮಳೆಗಾಲದಲ್ಲಿ ಉಬ್ಬುತ್ತದೆ, ಬೇಸಿಗೆಯಲ್ಲಿ ಬಿರಿಯುತ್ತದೆ, ಪಾಯ ಸ್ವಲ್ಪ ಸಡಿಲ ಇದ್ದರೂ ಗೋಡೆ ಕೂದಲೆಳೆಯಷ್ಟು ಅಲುಗುತ್ತದೆ. ಆ ಅಲುಗಾಟ ಹೋಗಲು ಎಲ್ಲೋ ಒಂದು ಕಡೆ ಜಾಗ ಬೇಕು. ಟೈಲ್ ನಡುವೆ ಸಮ ಸಂದಿ ಬಿಡಿಸುವ 2 ಮಿಲಿ ಸ್ಪೇಸರ್ ಹಾಕಿಸಿ. ಗೋಡೆ ಗೋಡೆ ಕೂಡುವ ಮೂಲೆಗೆ ಮತ್ತು ಗೋಡೆ ನೆಲ ಕೂಡುವ ಕಡೆ ಗ್ರೌಟ್ ಬದಲು ಅದೇ ಬಣ್ಣದ ಸಿಲಿಕಾನ್ ತುಂಬಿಸಿ. ಮೊದಲು ಹಿಂದಿನ ಗೋಡೆ ಹಚ್ಚಿ, ಉದ್ದ ಗೋಡೆಯ ಟೈಲ್ಸ್ ಅದಕ್ಕೆ ಬಂದು ತಾಗುವ ಹಾಗೆ ಮಾಡಿದರೆ ಬಾಗಿಲಿನಿಂದ ಮೂಲೆಯ ಸಂದಿ ಕಾಣುವುದಿಲ್ಲ.

ಈಗ ನಲ್ಲಿ ಪಾಯಿಂಟ್, ಮುಚ್ಚುವ ಮೊದಲೇ ಇದನ್ನು ಮಾಡಿ. ಏಳಡಿಯ ನೇರವಾದ ಮರದ ಪಟ್ಟಿಯೊಂದನ್ನು ತಗೊಂಡು ಅದರ ಮೇಲೆ 11.8 ಇಂಚು ಟೈಲ್, 2 ಮಿಲಿ ಜಾಯಿಂಟ್, ಮತ್ತೆ ಟೈಲ್ ಅಂತ ಗುರುತು ಹಾಕಿ. ಹಾಗೇ ಅಡ್ಡಕ್ಕೂ ಒಂದು. ಗೋಡೆಗೆ ಹಿಡಿದರೆ ಯಾವ ಪಾಯಿಂಟ್ ಎಲ್ಲಿ ಬರುತ್ತದೆ ಅಂತ ತಕ್ಷಣ ಗೊತ್ತಾಗುತ್ತದೆ. ಪೈಪಿನ ತೂತು ಟೈಲಿನ ನಡುವೆ ಬರಬೇಕು, ಇಲ್ಲವೇ ಸರಿಯಾಗಿ ಜಾಯಿಂಟ್ ಮೇಲೆ. ಅಂಚಿನಿಂದ ಅರ್ಧ ಇಂಚು ಒಳಗೆ ಬಂದರೆ ಕತ್ತರಿಸುವಾಗ ಆ ಅಂಚು ಒಡೆಯುತ್ತದೆ. ಬಿಸಿ-ತಣ್ಣೀರು ಮಿಕ್ಸರಿನ ಎರಡು ಪಾಯಿಂಟ್ ನಡುವೆ ಸಾಮಾನ್ಯವಾಗಿ 6 ಇಂಚು ಅಂತರ, ಅವುಗಳ ನಡುಮಧ್ಯೆ ಒಂದು ಜಾಯಿಂಟ್ ಬಂದರೆ ಎರಡೂ ಕಡೆ 3 ಇಂಚು ಸಿಗುತ್ತದೆ, ನೋಡಲೂ ಒಪ್ಪವಾಗಿರುತ್ತದೆ. ಪ್ಲಂಬರ್ ನೆಲದಿಂದ ಅಳೆಯುತ್ತಾನೆ, ಟೈಲ್ಸ್‌ನವನು ಲೆವೆಲ್ ಗೆರೆಯಿಂದ. ಇಬ್ಬರನ್ನೂ ಒಂದು ದಿನ ಒಟ್ಟಿಗೆ ಕರೆಸಿ, ಲೆವೆಲ್ ಗೆರೆಯಿಂದಲೇ ಇಬ್ಬರೂ ಅಳೆಯಲಿ. "ಅದೆಲ್ಲಾ ನಾವ್ ನೋಡ್ಕೋತೀವ್ರಿ" ಅಂದರೂ ನೀವು ಪಕ್ಕದಲ್ಲಿ ನಿಂತಿರಿ. ಪಾಯಿಂಟ್ ಒಂದೆರಡು ಇಂಚು ಸರಿಸುವುದು ಇವತ್ತು ಅರ್ಧ ಗಂಟೆ ಕೆಲಸ.

ಅದೇ ದಿನ ಪ್ರತಿ ಗೋಡೆಯನ್ನು ಕೆಳಗೆ, ನಡುವೆ, ಮೇಲೆ ಮೂರು ಕಡೆ ಅಳೆಯಿರಿ. ಮೂಲೆಯಿಂದ ಒಂದು ಗೋಡೆಗೆ 3 ಅಡಿ, ಇನ್ನೊಂದಕ್ಕೆ 4 ಅಡಿ ಗುರುತು ಹಾಕಿದರೆ ಗುರುತಿನಿಂದ ಗುರುತಿಗೆ 5 ಅಡಿ ಬರಬೇಕು. ಅರ್ಧ ಇಂಚಿಗಿಂತ ಜಾಸ್ತಿ ವ್ಯತ್ಯಾಸ ಇದ್ದರೆ ಟೈಲ್ಸ್ ಹಚ್ಚುವಾಗ ಸರಿ ಮಾಡುತ್ತೇನೆ ಅನ್ನುವ ಮಾತು ಕೇಳಬೇಡಿ, ಪ್ಲಾಸ್ಟರಿನಲ್ಲೇ ಸರಿ ಮಾಡಿಸಿ. ಪೈಪಿಗೆ ಪ್ರೆಷರ್ ಹಾಕಿ ಟೆಸ್ಟ್, ನೆಲದಲ್ಲಿ ಒಂದು ದಿನ ನೀರು ನಿಲ್ಲಿಸಿ ಟೆಸ್ಟ್, ಎರಡೂ ಆದ ಮೇಲೆಯೇ ಮೊದಲ ಟೈಲ್.

ಗೀಸರ್ ಮೊಳೆ 7 ಅಡಿಗಿಂತ ಮೇಲೆ, ಟೈಲ್ಸ್ ಮುಗಿದ ಜಾಗದಲ್ಲಿ ಬರುವ ಹಾಗೆ ನೋಡಿಕೊಳ್ಳಿ, ಆಗ ಟೈಲ್ ಮುಟ್ಟುವುದೇ ಬೇಡ. ಟವೆಲ್ ರಾಡ್, ಕನ್ನಡಿಗೆ ತೂತು ಬೇಕಾದಾಗ ಡ್ರಿಲ್ಲಿನ ಹ್ಯಾಮರ್ ಆಫ್ ಮಾಡಿಸಿ, ಟೈಲ್ಸಿಗೆ ಅಂತಲೇ ಸಿಗುವ ಬಿಟ್ ಹಾಕಿಸಿ, ಮೇಲೆ ಒಂದು ಟೇಪ್ ಅಂಟಿಸಿ ಶುರು ಮಾಡಲಿ. ಟೈಲ್ ದಾಟಿ ಗೋಡೆ ಸಿಕ್ಕ ಮೇಲೆ ಬೇಕಾದರೆ ಹ್ಯಾಮರ್ ಹಾಕಲಿ. ಹಿಂದೆ ಟೊಳ್ಳು ಇಲ್ಲದ ಟೈಲ್ ಅಷ್ಟು ಸುಲಭಕ್ಕೆ ಒಡೆಯುವುದಿಲ್ಲ, ಹಾಗಾಗಿ ತೂತು ಹಾಕುವ ಮೊದಲು ನಾಣ್ಯದಿಂದ ತಟ್ಟಿ ಶಬ್ದ ಕೇಳಿಸಿಕೊಳ್ಳಿ.